ಉರುಗ್ವೆಯ ಸೆಯ್ಬಾಲ್ ಸೇವೆ: ಮಗುವಿನ ಕೈಗೆ ಕಂಪ್ಯೂಟರ್ ಬಂದ ಮೇಲೆ

ಉರುಗ್ವೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುವ ಮಗುವಿನ ಗುರುತು ಬಿಳಿ ನಿಲುವಂಗಿ ಮತ್ತು ಕೊರಳಿನ ದೊಡ್ಡ ನೀಲಿ ಬೋ. 2007ರಿಂದೀಚೆಗೆ ಇವುಗಳ ಜೊತೆಗೆ ಸರ್ಕಾರವೇ ಕೊಡುವ ಕಂಪ್ಯೂಟರ್ ಕೂಡ ಸೇರಿಕೊಂಡಿದೆ. ಅದನ್ನು ಹಂಚಿ, ದುರಸ್ತಿ ಮಾಡಿಸಿ, ಅದರ ಮೂಲಕ ಪಾಠವನ್ನೂ ತಲುಪಿಸುವ ಸಾರ್ವಜನಿಕ ಸಂಸ್ಥೆಯ ಹೆಸರು ಸೆಯ್ಬಾಲ್. ಐ.ಟಿ. ಕೆಲಸದ ಮೇಲೆ ರಾಜಧಾನಿ ಮಾಂಟೆವಿಡಿಯೊಗೆ ಬರುವ ನಮ್ಮ ಕಡೆಯ ಕುಟುಂಬಗಳು ಮಕ್ಕಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಲು ಹಿಂಜರಿಯುವುದುಂಟು. ಮಗಳನ್ನು ಅಂಥದೇ ಶಾಲೆಗೆ ಕಳುಹಿಸುವ ತಾಯಿಯಾಗಿ, ಈ ಸೇವೆಯ ಬಗ್ಗೆ ನನ್ನ ಅಭಿಪ್ರಾಯವನ್ನು ತಿಳಿಸಬಯಸುತ್ತೇನೆ.

ಸೆಯ್ಬಾಲ್ ಒಮ್ಮೆಲೇ ಹುಟ್ಟಿದ್ದಲ್ಲ. ಶಿಕ್ಷಣ ಸುಧಾರಕ ಹೋಸೆ ಪೆದ್ರೊ ವರೇಲಾ ಅವರ ಪ್ರಯತ್ನದಿಂದ ಪ್ರಾಥಮಿಕ ಶಿಕ್ಷಣ ಇಲ್ಲಿ 1877ರಲ್ಲೇ ಉಚಿತವೂ ಕಡ್ಡಾಯವೂ ಆಯಿತು. ಎರಡು ಅವಧಿಗೆ ಅಧ್ಯಕ್ಷರಾಗಿದ್ದ ಹೋಸೆ ಬಾಟ್ಯೆ ಇ ಒರ್ದೊನ್ಯೆಸ್ ಅವರು ಪ್ರತಿಪಾದಿಸಿದ ಸುಧಾರಣೆಗಳು ಇನ್ನೂ ಮುಂದೆ ಹೋದವು: 1907ರಲ್ಲಿ ವಿಚ್ಛೇದನದ ಕಾನೂನು ಬಂತು, 1912ರಲ್ಲಿ ವಿದ್ಯುತ್ ಪೂರೈಕೆಗೆ ಸರ್ಕಾರಿ ಸಂಸ್ಥೆ ಸ್ಥಾಪನೆಯಾಯಿತು, 1915ರಲ್ಲಿ ಎಂಟು ಗಂಟೆಗಳ ದುಡಿಮೆಯ ಮಿತಿ ಕಾನೂನಾಯಿತು. ಅಗತ್ಯ ಸೇವೆಗಳು ಸರ್ಕಾರದ ಕೈಯಲ್ಲೇ ಇರಬೇಕೆಂಬ ಈ ನಿಲುವನ್ನು ಜನರು ಸುಲಭವಾಗಿ ಬಿಟ್ಟುಕೊಡಲಿಲ್ಲ. 1992ರ ಜನಮತಗಣನೆಯಲ್ಲಿ ಅವರು ಖಾಸಗೀಕರಣ ಕಾನೂನಿನ ಮುಖ್ಯ ಭಾಗಗಳನ್ನೇ ರದ್ದುಪಡಿಸಿದರು. ಹೀಗೆ ಸರ್ಕಾರದ ಬಳಿಯೇ ಉಳಿದ ದೂರಸಂಪರ್ಕ ಸಂಸ್ಥೆ ಆಂಟೆಲ್ ಮುಂದೆ ಶಾಲೆಗಳಿಗೆ ಅಂತರ್ಜಾಲ ತಲುಪಿಸಿತು. ಲಾಭವನ್ನಷ್ಟೇ ನೋಡುವ ಕಂಪನಿಯೊಂದು ಹದಿನೈದು ಮಕ್ಕಳ ಹಳ್ಳಿಶಾಲೆಗೆ ಸಂಪರ್ಕ ಎಳೆಯುತ್ತಿತ್ತೆಂದು ನಾನು ನಂಬುವುದಿಲ್ಲ.

ಅಧ್ಯಕ್ಷ ತಬಾರೆ ವಾಸ್ಕೆಸ್ ಅವರ ಅವಧಿಯಲ್ಲಿ, 2007ರ ಮೇ ತಿಂಗಳಲ್ಲಿ, ಫ್ಲೊರಿದಾ ಪ್ರಾಂತ್ಯದ ವಿಯಾ ಕಾರ್ದಾಲ್ ಎಂಬ ಸಣ್ಣ ಊರಿನಲ್ಲಿ ಹಂಚಿಕೆ ಆರಂಭವಾಗಿ, 2009ರ ವೇಳೆಗೆ ದೇಶದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ತಲುಪಿತು. ಅದೊಂದು ದೊಡ್ಡ ಸಾಧನೆ. ಆದರೆ ಆ ಮೊದಲ ಹಂತವನ್ನು ನಾನು ಪೂರ್ಣವಾಗಿ ಮೆಚ್ಚಲಾರೆ. ಹಸಿರು-ಬಿಳಿ ಬಣ್ಣದ ಆ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಕೆಟ್ಟು ಮೂಲೆ ಸೇರಿದವು, ಶಿಕ್ಷಕರಿಗೆ ಸಾಕಷ್ಟು ತರಬೇತಿಯೂ ಸಿಕ್ಕಿರಲಿಲ್ಲ. ಇಲ್ಲಿನ ರಿಪಬ್ಲಿಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ, ಲ್ಯಾಪ್‌ಟಾಪ್ ಪಡೆದಷ್ಟಕ್ಕೇ ಮಕ್ಕಳ ಗಣಿತವಾಗಲಿ ಓದಾಗಲಿ ಸುಧಾರಿಸಿದ್ದು ಕಾಣಲಿಲ್ಲ.

ಸೆಯ್ಬಾಲ್ ನಿಜವಾಗಿ ಮೆಚ್ಚುಗೆಗೆ ಅರ್ಹವಾಗುವುದು ಇದರ ನಂತರ ಅದು ಮಾಡಿದ ಕೆಲಸದಿಂದ. ಇಂಗ್ಲಿಷ್ ಕಲಿಸಬಲ್ಲ ಶಿಕ್ಷಕರು ಸಾಕಷ್ಟು ಇರಲಿಲ್ಲವಾದ್ದರಿಂದ, 2012ರಲ್ಲಿ ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ದೂರಪಾಠವನ್ನು ಪ್ರಯೋಗವಾಗಿ ಆರಂಭಿಸಲಾಯಿತು. ವಾರಕ್ಕೊಮ್ಮೆ ತರಗತಿಯ ದೊಡ್ಡ ಪರದೆಯ ಮೇಲೆ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಕುಳಿತ ಶಿಕ್ಷಕರು ಬಂದು ಹೊಸ ಪಾಠ ಹೇಳುತ್ತಾರೆ. ಉಳಿದ ಎರಡು ತರಗತಿಗಳಲ್ಲಿ ಅದನ್ನು ಅಭ್ಯಾಸ ಮಾಡಿಸುವವರು ಮಕ್ಕಳ ನಿತ್ಯದ ಶಿಕ್ಷಕಿಯೇ. ಆ ಶಿಕ್ಷಕಿಗೆ ಇಂಗ್ಲಿಷ್ ಚೆನ್ನಾಗಿ ಬರಲೇಬೇಕೆಂದಿಲ್ಲ, ಅವರೂ ಮಕ್ಕಳೊಡನೆ ಕಲಿಯುತ್ತಾರೆ. ಈ ಏರ್ಪಾಡಿನಲ್ಲಿ ನನಗೆ ಅತ್ಯಂತ ಹಿಡಿಸಿದ ಅಂಶವೇ ಇದು: ಯಂತ್ರವನ್ನು ಶಿಕ್ಷಕಿಯ ಜಾಗದಲ್ಲಿ ಕೂರಿಸದೆ, ಆಕೆಯನ್ನೇ ನಡುವೆ ಇಟ್ಟುಕೊಂಡು ಆಕೆಗಿಲ್ಲದ ಒಂದು ಬಲವನ್ನು ಹೊರಗಿನಿಂದ ಒದಗಿಸಲಾಗಿದೆ. ಮಗಳು ಆ ದೂರದ ಶಿಕ್ಷಕರ ಬಗ್ಗೆ ಮನೆಯಲ್ಲಿ ಮಾತನಾಡುವಾಗ, ಅವರನ್ನು ಎಂದೂ ಎದುರಾಎದುರು ಕಂಡಿಲ್ಲವೆಂಬುದು ನಮಗೆ ಮರೆತೇಹೋಗುತ್ತದೆ.

ಗಣಿತದಲ್ಲಿಯೂ ಇದೇ ಬಗೆಯ ತಿದ್ದುಪಡಿ ನಡೆಯಿತು. ಮಗುವಿನ ಉತ್ತರವನ್ನು ನೋಡಿ ಮುಂದಿನ ಲೆಕ್ಕವನ್ನು ಸುಲಭವೋ ಕಠಿಣವೋ ಆಗಿಸುವ ತಂತ್ರಾಂಶವನ್ನು 2013ರಿಂದ ಬಳಕೆಗೆ ತರಲಾಯಿತು, ಅದನ್ನು ಬಳಸಿದ ಮಕ್ಕಳ ಅಂಕಗಳು ಹೆಚ್ಚಿದ್ದನ್ನು, ಅದರಲ್ಲೂ ಬಡ ಮಕ್ಕಳಿಗೆ ಹೆಚ್ಚು ಲಾಭವಾದದ್ದನ್ನು ಅಧ್ಯಯನ ತೋರಿಸಿತು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮುಂದುವರಿಸಲು ಕ್ರೆಯಾ ಎಂಬ ಕಲಿಕಾ ತಾಣ ಸಿದ್ಧವಾಗಿಯೇ ಇತ್ತು. ಸೆಯ್ಬಾಲ್‌ನ ಡಿಜಿಟಲ್ ಗ್ರಂಥಾಲಯವೂ ಉಚಿತ, ಇಲ್ಲಿನ ಗುರುತಿನ ಚೀಟಿ ಇದ್ದವರೆಲ್ಲರೂ ಬಳಸಬಹುದು. ಹೊಸದಾಗಿ ಬರುವವರು ಸ್ಪ್ಯಾನಿಷ್ ಕಲಿಯಲು ಅಲ್ಲಿನ ಮಕ್ಕಳ ಪುಸ್ತಕಗಳಿಂದಲೇ ಆರಂಭಿಸುವುದು ಒಳ್ಳೆಯದು.

ಪ್ರಾಥಮಿಕ ಹಂತದ ಮಕ್ಕಳಿರುವವರಿಗೆ ಈ ಸೇವೆಯನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಪ್ರೌಢಶಾಲೆಯ ಮಕ್ಕಳಿರುವವರಿಗೆ ಅಷ್ಟೇ ಭರವಸೆ ಕೊಡಲಾರೆ, ಏಕೆಂದರೆ ಪ್ರೌಢಶಿಕ್ಷಣ ಮುಗಿಸದೆ ಶಾಲೆ ಬಿಡುವವರ ಪ್ರಮಾಣ ಈ ದೇಶದಲ್ಲಿ ಇಂದಿಗೂ ದೊಡ್ಡದು, ಅದನ್ನು ಲ್ಯಾಪ್‌ಟಾಪ್‌ಗಳು ತಡೆದಿಲ್ಲ. ಇಂಗ್ಲಿಷ್‌ಗಾಗಿ ರೂಪಿಸಿದ ಇಬ್ಬರು ಶಿಕ್ಷಕರ ಪದ್ಧತಿಯನ್ನು ರಾಜಧಾನಿಯಿಂದ ದೂರದ ಪ್ರಾಂತ್ಯಗಳ ಪ್ರೌಢಶಾಲೆಗಳ ಗಣಿತ ಮತ್ತು ವಿಜ್ಞಾನದ ಪಾಠಗಳಿಗೂ ಪೂರ್ಣ ಪ್ರಮಾಣದಲ್ಲಿ ವಿಸ್ತರಿಸಬೇಕೆಂಬುದು ನನ್ನ ಆಗ್ರಹ.