ಮನೆಗೆ ಬರುವ ಹಾಸ್ಪೈಸ್ ಸೇವೆ: ಹಗಲಿಗೆ ಪೂರ್ಣಾಂಕ, ರಾತ್ರಿಗೆ ಕೊಡಲಾರೆ

ಗುಣವಾಗದ ಕಾಯಿಲೆಯ ಕೊನೆಗಾಲದಲ್ಲಿ ನೋವು ಸಂಕಟಗಳನ್ನು ತಗ್ಗಿಸಿ ಆರೈಕೆ ಮಾಡುವ ಹಾಸ್ಪೈಸ್ ಸೇವೆಗಳ ಬಗ್ಗೆ ಕುಟುಂಬದವರು ಬರೆಯುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಸಿಬ್ಬಂದಿ ತುಂಬ ಕರುಣೆಯುಳ್ಳವರು. ಅದು ಸುಳ್ಳಲ್ಲ. ಆದರೆ ಕಲ್ಲೆದೆಯವರು ಈ ಕೆಲಸವನ್ನು ಆರಿಸಿಕೊಳ್ಳುವುದೇ ಅಪರೂಪವಾದ್ದರಿಂದ, ಕರುಣೆಯೊಂದನ್ನೇ ನೋಡಿ ಒಳ್ಳೆಯ ಸಂಸ್ಥೆ ಯಾವುದು, ಸಾಧಾರಣವಾದದ್ದು ಯಾವುದು ಎಂದು ಹೇಳಲಾಗದು. ನನ್ನ ದೊಡ್ಡಮ್ಮನ ಕೊನೆಗಾಲದಲ್ಲಿ ಮನೆಗೇ ಬಂದು ಆರೈಕೆ ಮಾಡಿದ ಸಂಸ್ಥೆಯೊಂದರ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ, ನನ್ನ ಅಳತೆಗೋಲು ಬೇರೆಯಾಗಿದೆ. ಮುಂದೆ ಬರಲಿರುವ ಕಷ್ಟವನ್ನು ಅವರು ಎಷ್ಟು ಮೊದಲೇ ಕಂಡರು, ಅದಕ್ಕೆ ಬೇಕಾದ ಔಷಧವನ್ನೂ ತಿಳಿವಳಿಕೆಯನ್ನೂ ಎಷ್ಟು ಮೊದಲೇ ಮನೆಯೊಳಗೆ ತಂದಿಟ್ಟರು ಎಂಬುದನ್ನು ನಾನು ನೋಡುತ್ತೇನೆ. ಆ ಲೆಕ್ಕದಲ್ಲಿ ಈ ಸಂಸ್ಥೆಯ ಹಗಲಿನ ಕೆಲಸ ಬಹಳ ಮೇಲ್ಮಟ್ಟದ್ದು. ರಾತ್ರಿ ಮತ್ತು ವಾರಾಂತ್ಯದ ಕೆಲಸ ಹಾಗಿಲ್ಲ.

ಮೊದಲ ಭೇಟಿಗೆ ವೈದ್ಯರು, ನರ್ಸ್ ಮತ್ತು ಸಮಾಜ ಕಾರ್ಯಕರ್ತೆ ಮೂವರೂ ಒಟ್ಟಿಗೆ ಬಂದರು. ನೋವು, ವಾಕರಿಕೆ, ಆಯಾಸ, ಉಸಿರಾಟದ ತೊಂದರೆ, ಆತಂಕ ಮುಂತಾದ ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡುವಂತೆ ರೋಗಿಯನ್ನೇ ಕೇಳಿದರು. ನಾವು ಪಕ್ಕದಿಂದ ಉತ್ತರ ಹೇಳಲು ಹೋದಾಗ ನರ್ಸ್ ಮೃದುವಾಗಿಯೇ ತಡೆದರು. 'ನಿಮಗೆ ಈಗ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಯಾವುದು?' ಎಂಬ ಪ್ರಶ್ನೆಗೆ ದೊಡ್ಡಮ್ಮ ನೋವಿನ ಹೆಸರು ಹೇಳಲಿಲ್ಲ. ತಮ್ಮನ್ನೇ ನಂಬಿಕೊಂಡಿರುವ, ನಡೆಯಲಾರದ ತಂಗಿಯನ್ನು ತಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬ ಚಿಂತೆಯನ್ನು ಹೇಳಿದರು. ಆ ಉತ್ತರವನ್ನು ಕಡತದಲ್ಲಿ ಬರೆದುಕೊಂಡದ್ದಷ್ಟೇ ಅಲ್ಲ, ಸಮಾಜ ಕಾರ್ಯಕರ್ತೆ ಮುಂದಿನ ಭೇಟಿಯೊಳಗೆ ಅದಕ್ಕೊಂದು ವ್ಯವಸ್ಥೆಯನ್ನು ಕುಟುಂಬದವರೊಡನೆ ಮಾತಾಡಿ ಗೊತ್ತುಮಾಡಿದರು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಆತ್ಮದ ನೋವು ಇವನ್ನು ಒಂದೇ ನೋವಿನ ಮುಖಗಳೆಂದು ಕಂಡವರು. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ, ಹೀಗೆ ಮೂರೂ ಪಾತ್ರಗಳನ್ನು ನಿಭಾಯಿಸಿದ ಅವರ ಕಲ್ಪನೆ ಇಂದಿಗೂ ಹಲವು ಹಾಸ್ಪೈಸುಗಳ ಪರಿಚಯ ಪತ್ರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಆಚರಣೆಯಲ್ಲಿ ಕಾಣುವುದು ಬೇರೆ ಮಾತು, ಇಲ್ಲಿ ಕಂಡೆ.

ನೋವಿನ ನಿರ್ವಹಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಾಸ್ಪೈಸಿನ ವೈದ್ಯಕೀಯ ಗುಣಮಟ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ದೊಡ್ಡಮ್ಮನಿಗಿದ್ದದ್ದು ಶ್ವಾಸಕೋಶದ ಕ್ಯಾನ್ಸರ್. ಅದು ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿತ್ತು. ಅಲ್ಲಿಯವರೆಗೆ ಅವರಿಗೆ ನೋವು ತಡೆಯಲಾರದಾದಾಗ ಮಾತ್ರ ಮಾತ್ರೆ ಕೊಡುವ ಪದ್ಧತಿ ನಡೆದಿತ್ತು. ಹಾಸ್ಪೈಸ್ ವೈದ್ಯರು ಮೊದಲು ಮಾಡಿದ್ದು ಇದನ್ನು ತಲೆಕೆಳಗು ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಬಗ್ಗೆ 1986ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ತಿರುಳೇ ಇದು: ಸಾಧ್ಯವಿದ್ದಷ್ಟೂ ಬಾಯಿಯ ಮೂಲಕ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು, ನೋವಿನ ತೀವ್ರತೆಗೆ ತಕ್ಕ ಹಂತದ ಔಷಧ ಕೊಡಬೇಕು. ತೀವ್ರ ನೋವಿಗೆ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ತಾಸು ಉಳಿಯುವುದರಿಂದ, ನೋವು ಮರಳಿ ತಲೆಯೆತ್ತುವ ಮೊದಲೇ ಮುಂದಿನ ಮಾತ್ರೆ ಹೊಟ್ಟೆಯಲ್ಲಿರಬೇಕು.

ವೈದ್ಯರು ಮಾರ್ಫಿನ್ ಬರೆಯುವ ಮೊದಲು ಮೂತ್ರಪಿಂಡದ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ಕೇಳಿ ನೋಡಿದರು. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ ವಿಭಜನೆಯಾಗಿ ಹುಟ್ಟುವ ಅಂಶಗಳು ದೇಹದಲ್ಲೇ ಶೇಖರವಾಗಿ ರೋಗಿ ಅತಿಯಾಗಿ ಮಂಪರಿಗೆ ಜಾರಬಹುದು. ಮಾರ್ಫಿನ್ ಬರೆದ ಅದೇ ಚೀಟಿಯಲ್ಲಿ ಮಲಬದ್ಧತೆಗೆ ಔಷಧವನ್ನೂ ಬರೆದರು. ವಾಕರಿಕೆ, ತೂಕಡಿಕೆಗಳಿಗೆ ದೇಹ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ, ಮಲಬದ್ಧತೆಗೆ ಮಾತ್ರ ಒಗ್ಗಿಕೊಳ್ಳುವುದಿಲ್ಲ ಎಂದು ನಮಗೆ ಬಿಡಿಸಿ ಹೇಳಿದರು. ಮಲಬದ್ಧತೆಯ ಔಷಧವಿಲ್ಲದೆ ಮಾರ್ಫಿನ್ ಬರೆಯುವ ಹಾಸ್ಪೈಸ್ ಎಲ್ಲಾದರೂ ಎದುರಾದರೆ ಎಚ್ಚರ ವಹಿಸಬೇಕು. ನಡುವೆ ನೋವು ಉಕ್ಕಿದರೆ ಕೊಡಬೇಕಾದ ಹೆಚ್ಚುವರಿ ಪ್ರಮಾಣವೂ ಆ ಚೀಟಿಯಲ್ಲೇ ಇತ್ತು. ಇಡೀ ದಿನದ ಒಟ್ಟು ಪ್ರಮಾಣದ ಆರನೆಯ ಒಂದರಿಂದ ಹತ್ತನೆಯ ಒಂದು ಭಾಗದಷ್ಟು ಎಂಬುದು ಇದರ ವಾಡಿಕೆಯ ಲೆಕ್ಕ. ಮಾರ್ಫಿನ್ ಎಂದ ಕೂಡಲೇ 'ಇನ್ನು ಮುಗಿಯಿತು' ಎಂದು ಕಣ್ಣೀರಿಟ್ಟ ನಮ್ಮ ಮನೆಯ ಹಿರಿಯರ ಮುಂದೆ ವೈದ್ಯರು ಕುರ್ಚಿ ಎಳೆದುಕೊಂಡು ಕುಳಿತು, ಕಡಿಮೆ ಪ್ರಮಾಣದಿಂದ ಆರಂಭಿಸಿ ನೋವಿಗೆ ತಕ್ಕಂತೆ ಏರಿಸುವ ಮಾರ್ಫಿನ್ ಸಾವನ್ನು ಹತ್ತಿರ ಎಳೆಯುವುದಿಲ್ಲ ಎಂದು ಅವಸರವಿಲ್ಲದೆ ವಿವರಿಸಿದರು.

ಇದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ಒಂದು ಸಣ್ಣ ಸಂಗತಿ. ಮಲಗಿದ್ದಾಗ ಇಲ್ಲದ ನೋವು, ಮಗ್ಗುಲು ಬದಲಿಸಿದರೆ ಚುಚ್ಚುತ್ತಿತ್ತು; ಮೂಳೆಗೆ ಹರಡಿದ ಕ್ಯಾನ್ಸರಿನ ಲಕ್ಷಣವೇ ಅದು. ನರ್ಸ್ ಮೈ ಒರೆಸಿ ಹಾಸು ಬದಲಿಸಲು ಬರುವ ದಿನ ಹೊರಡುವ ಮುನ್ನ ಫೋನ್ ಮಾಡಿ, ಹೆಚ್ಚುವರಿ ಮಾತ್ರೆಯನ್ನು ಆಗಲೇ ಕೊಟ್ಟಿರಲು ಹೇಳುತ್ತಿದ್ದರು. ಅವರು ಬಂದು ಕೈ ತೊಳೆದು ನಿಲ್ಲುವ ಹೊತ್ತಿಗೆ ಅರ್ಧ ತಾಸು ದಾಟಿ ಮಾತ್ರೆ ಕೆಲಸ ಆರಂಭಿಸಿರುತ್ತಿತ್ತು. ಬೆನ್ನಿನ ನೋವಿಗಾಗಿ ಒಂದೇ ಸಲದ ವಿಕಿರಣ ಚಿಕಿತ್ಸೆಗೆ ದೊಡ್ಡಮ್ಮನನ್ನು ಕಳುಹಿಸಿದ್ದೂ ಇದೇ ತಂಡ. 'ಹಾಸ್ಪೈಸ್ ಎಂದರೆ ಇನ್ನು ಯಾವ ಚಿಕಿತ್ಸೆಯೂ ಇಲ್ಲ' ಎಂದು ನಂಬಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ಮೂಳೆಯ ನೋವನ್ನು ತಗ್ಗಿಸಲು ಒಂದೇ ಸಲದ ವಿಕಿರಣವೂ ಹಲವು ಸಲದ ವಿಕಿರಣದಷ್ಟೇ ಸಾಕಾಗುತ್ತದೆ ಎಂಬುದು ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಸ್ಥಾಪಿತವಾದ ವಿಷಯ.

ಹಾಸಿಗೆಯ ಆರೈಕೆಯಲ್ಲೂ ಹೀಗೆಯೇ ಅಚ್ಚುಕಟ್ಟು. ಬೆನ್ನ ಹಿಂದೆ ದಿಂಬಿಟ್ಟು ಮೈಯನ್ನು ಸುಮಾರು 30 ಡಿಗ್ರಿಯಷ್ಟು ಓರೆ ಮಾಡುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಆಧಾರ ಕೊಡುವುದು, ಒಣಗಿದ ತುಟಿ ನಾಲಿಗೆಗಳನ್ನು ಒದ್ದೆ ಸ್ಪಂಜಿನಿಂದ ಆಗಾಗ ತೇವಗೊಳಿಸುವುದು, ಇವೆಲ್ಲವನ್ನೂ ನರ್ಸ್ ತಾವು ಮಾಡಿ ತೋರಿಸಿದ ಮೇಲೆ ನಮ್ಮಿಂದ ಮಾಡಿಸಿ ನೋಡಿದರು. ದೊಡ್ಡಮ್ಮನಿಗೆ ಕೊನೆಯವರೆಗೆ ಒಂದೂ ಹಾಸಿಗೆ ಹುಣ್ಣಾಗಲಿಲ್ಲ. ಸ್ವಯಂಸೇವಕರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ: ಒಳ್ಳೆಯವರು, ಹೇಳಿದ ಹೊತ್ತಿಗೆ ಬಂದರು, ಮನೆಯವರು ಸ್ವಲ್ಪ ಕಣ್ಣು ಮುಚ್ಚಲು ಬಿಡುವು ಸಿಕ್ಕಿತು.

ಇನ್ನು ಕೊರತೆಯ ವಿಚಾರ. ಉಸಿರಾಟ ಕೆಡಬಹುದು, ಕೊನೆಯ ದಿನಗಳಲ್ಲಿ ತಳಮಳ ಕಾಣಿಸಬಹುದು ಎಂದು ವೈದ್ಯರು ಮೊದಲೇ ಅಂದಾಜಿಸಿ, ತುರ್ತಿಗೆ ಬೇಕಾಗುವ ಔಷಧಗಳ ಪೆಟ್ಟಿಗೆಯೊಂದು ಮನೆಯಲ್ಲಿರಬೇಕೆಂದು ಕಡತದಲ್ಲಿ ಬರೆದಿದ್ದರು. ಉಸಿರಾಟದ ಸಂಕಟಕ್ಕೂ ನೋವಿಗೂ ಮಾರ್ಫಿನ್, ತಳಮಳಕ್ಕೆ ಮಿಡಾಜೊಲಾಮ್, ವಾಕರಿಕೆಗೆ ಹ್ಯಾಲೊಪೆರಿಡಾಲ್, ಗಂಟಲಿನ ಗೊರಗೊರ ಸದ್ದಿಗೆ ಗ್ಲೈಕೊಪೈರೊಲೇಟ್: ಇಂಥ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಶುಕ್ರವಾರ ಬರಬೇಕಿದ್ದ ಆ ಪೆಟ್ಟಿಗೆ ಬರಲಿಲ್ಲ, ಬಂದಿಲ್ಲವೆಂಬುದನ್ನು ಸಂಸ್ಥೆಯಲ್ಲಿ ಯಾರೂ ಗಮನಿಸಲಿಲ್ಲ. ಶನಿವಾರ ನಡುರಾತ್ರಿಯ ನಂತರ ದೊಡ್ಡಮ್ಮ ಉಸಿರಿಗಾಗಿ ಒದ್ದಾಡತೊಡಗಿದರು. ಹೊದಿಕೆಯನ್ನು ಕಿತ್ತೆಸೆಯುತ್ತ, ಎದ್ದು ಕೂರಿಸಿ ಎನ್ನುತ್ತ, ಕೂರಿಸಿದರೆ ಮಲಗಿಸಿ ಎನ್ನುತ್ತ ಹೆದರಿದ ಕಣ್ಣುಗಳಿಂದ ನಮ್ಮನ್ನೇ ನೋಡುತ್ತಿದ್ದರು.

'24 ತಾಸು' ಎಂದು ಕಡತದ ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದಾಗ ಫೋನ್ ಎತ್ತಿದವರು ನರ್ಸ್ ಅಲ್ಲ, ಕರೆಗಳನ್ನು ಬರೆದುಕೊಳ್ಳುವ ಸಿಬ್ಬಂದಿ. ಅವರ ಬಳಿ ದೊಡ್ಡಮ್ಮನ ಕಡತವಿರಲಿಲ್ಲ. ರೋಗದ ಹೆಸರಿನಿಂದ ಹಿಡಿದು ಔಷಧಗಳ ಪಟ್ಟಿಯವರೆಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ನರ್ಸ್ ಮರಳಿ ಕರೆ ಮಾಡಿದ್ದು ಒಂದು ತಾಸಿಗೂ ಹೆಚ್ಚು ಹೊತ್ತಿನ ನಂತರ. ಮನೆಯಲ್ಲಿದ್ದ ಮಾರ್ಫಿನ್ ಮಾತ್ರೆಯ ಹೆಚ್ಚುವರಿ ಪ್ರಮಾಣವನ್ನೇ ಉಸಿರಾಟದ ಸಂಕಟಕ್ಕೂ ಕೊಡಬಹುದು, ಸಣ್ಣ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸುವಂತೆ ಮಾಡಬಹುದು, ಕಿಟಕಿ ತೆರೆದು ಬೆನ್ನಿಗೆ ದಿಂಬು ಕೊಟ್ಟು ಒರಗಿಸಬಹುದು ಎಂದು ಆಗ ತಿಳಿಯಿತು. ಈ ಮೂರು ವಾಕ್ಯಗಳನ್ನು ಒಂದು ಹಾಳೆಯಲ್ಲಿ ಬರೆದು ಮೊದಲ ವಾರವೇ ಕೊಡಬಹುದಾಗಿತ್ತು. ನಸುಕಿನಲ್ಲಿ ಬಂದ ನರ್ಸ್ ಚರ್ಮದಡಿಗೆ ಸಣ್ಣ ಸೂಜಿಯಿಂದ ಔಷಧ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ದೊಡ್ಡಮ್ಮ ಶಾಂತರಾದರು. ಅಂದರೆ ಸಂಸ್ಥೆಗೆ ವಿದ್ಯೆ ಇರಲಿಲ್ಲವೆಂದಲ್ಲ, ಔಷಧ ತಿಳಿದಿರಲಿಲ್ಲವೆಂದೂ ಅಲ್ಲ. ಶುಕ್ರವಾರ ಸಂಜೆ ಪಾಳಿ ಬದಲಾಗುವಾಗ ಕಡತ ನೋಡಿ 'ಇವರ ಮನೆಗೆ ಪೆಟ್ಟಿಗೆ ತಲುಪಿದೆಯೇ' ಎಂದು ಕೇಳುವವರು ಇರಲಿಲ್ಲ. ಮುಂದಾಲೋಚನೆಯೇ ಜೀವಾಳವಾದ ಸೇವೆಯಲ್ಲಿ ಇದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾಯಿತು.

ಇಲ್ಲಿ ಸಂಸ್ಥೆಯ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಸೋಮವಾರ ಬೆಳಿಗ್ಗೆ ವೈದ್ಯರೇ ಬಂದು, ನೆಪ ಹೇಳದೆ, ತಪ್ಪು ತಮ್ಮದೆಂದು ಒಪ್ಪಿದರು. ಪೆಟ್ಟಿಗೆ ಅಂದೇ ಬಂತು. ಯಾವ ಲಕ್ಷಣಕ್ಕೆ ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ತಾಸಿನ ನಂತರ ಮತ್ತೆ ಕೊಡಬಹುದು ಎಂಬ ಹಾಳೆಯನ್ನು ಅದರ ಮುಚ್ಚಳಕ್ಕೇ ಅಂಟಿಸಿದ್ದರು. ಅದೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು, ಇನ್ನು ಮುಂದೆ ಏನೇನು ಕಾಣಿಸಬಹುದೆಂದು ವಿವರಿಸಿದರು: ಊಟ ನೀರು ಬೇಡವಾಗುವುದು, ಕೈಕಾಲು ತಣ್ಣಗಾಗಿ ಬಣ್ಣ ಬದಲಾಗುವುದು, ಉಸಿರು ಏರಿ ಇಳಿದು ನಡುವೆ ನಿಂತೇಹೋದಂತಾಗಿ ಮತ್ತೆ ಆರಂಭವಾಗುವುದು, ಗಂಟಲಿನಲ್ಲಿ ಗೊರಗೊರ ಸದ್ದು. ಡ್ರಿಪ್ ಹಾಕಿಸಲೇಬೇಕೆಂದು ಪಟ್ಟು ಹಿಡಿದ ಸಂಬಂಧಿಕರಿಗೆ, ದೇಹ ತನ್ನ ಕೆಲಸಗಳನ್ನು ನಿಲ್ಲಿಸುತ್ತಿರುವಾಗ ಒಳಗೆ ಹೋದ ದ್ರವ ಕಾಲಿನಲ್ಲೂ ಶ್ವಾಸಕೋಶದಲ್ಲೂ ತುಂಬಿಕೊಂಡು ಉಸಿರಾಟವನ್ನೇ ಕಷ್ಟಗೊಳಿಸಬಹುದು, ಬಾಯಿ ಒಣಗಿದ್ದಕ್ಕೆ ಬಾಯಿಯ ಆರೈಕೆಯೇ ಮದ್ದು ಎಂದು ಹೇಳಿದ ರೀತಿಯಲ್ಲಿ ಯಾರನ್ನೂ ಚಿಕ್ಕವರನ್ನಾಗಿಸುವ ಧೋರಣೆಯಿರಲಿಲ್ಲ. ಆ ಸದ್ದು ಕೊನೆಗೆ ಕೇಳಿಸಿದಾಗ ನಾವು ಗಾಬರಿಯಾಗಲಿಲ್ಲ. ಮಗ್ಗುಲಿಗೆ ತಿರುಗಿಸಿ, ಹಾಳೆಯಲ್ಲಿದ್ದ ಪ್ರಮಾಣದಷ್ಟೇ ಔಷಧ ಕೊಟ್ಟೆವು.

ಹೊಸದಾಗಿ ಸೇರಿಸುವವರು ಈ ಸಂಸ್ಥೆಯನ್ನಾಗಲಿ ಬೇರೊಂದನ್ನಾಗಲಿ ಮೊದಲ ದಿನವೇ ಕೇಳಬೇಕಾದದ್ದು ಈ ಅನುಭವದಿಂದಲೇ ಹೊರಡುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಅವರ ಕೈಯಲ್ಲಿ ಕಡತ ಇರುತ್ತದೆಯೇ, ಅವರಿಗೆ ಔಷಧದ ಪ್ರಮಾಣ ಹೇಳುವ ಅಧಿಕಾರವಿದೆಯೇ, ಅಗತ್ಯಬಿದ್ದರೆ ಎಷ್ಟು ಹೊತ್ತಿನಲ್ಲಿ ಮನೆಗೆ ಬರುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ತುರ್ತು ಪೆಟ್ಟಿಗೆ ಯಾವಾಗ ಬರುತ್ತದೆಂದು ಕೇಳಿ. 'ಬೇಕಾದಾಗ ತರುತ್ತೇವೆ' ಎಂಬ ಉತ್ತರ ಸಾಲದು. ಮನೆಯಲ್ಲಿ ನಿಭಾಯಿಸಲಾಗದಿದ್ದರೆ ಒಳರೋಗಿ ಹಾಸಿಗೆ ಸಿಗುವುದೇ ಎಂದೂ ಕೇಳಬೇಕು. ಕೊನೆಯ ವಾರದವರೆಗೆ ಕಾಯುವುದರಲ್ಲಿ ಲಾಭವಿಲ್ಲ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಾಮಕ ಆರೈಕೆ (ನೋವು ಸಂಕಟಗಳನ್ನು ತಗ್ಗಿಸುವ ಆರೈಕೆ) ಪಡೆದವರ ಜೀವನದ ಗುಣಮಟ್ಟ ಉತ್ತಮವಾಗಿತ್ತು, ಖಿನ್ನತೆ ಕಡಿಮೆಯಿತ್ತು. ಅವರ ಬದುಕುಳಿದ ಅವಧಿಯ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 11.6 ತಿಂಗಳಾದರೆ ಉಳಿದವರದು 8.9 ತಿಂಗಳು. ದೊಡ್ಡಮ್ಮನನ್ನು ಆಸ್ಪತ್ರೆ ಇಲ್ಲಿಗೆ ಕಳುಹಿಸಿದ್ದು ಬಹಳ ತಡವಾಗಿ. ಆ ತಡವನ್ನು ಹಾಸ್ಪೈಸಿನ ಲೆಕ್ಕಕ್ಕೆ ಬರೆಯಲಾರೆ.

ಸಾವಿನ ನಂತರದ ಕೆಲಸಗಳಲ್ಲಿ ತಂಡ ಚುರುಕಾಗಿತ್ತು. ಉಳಿದ ಮಾರ್ಫಿನ್ ಮಾತ್ರೆಗಳನ್ನು ನರ್ಸ್ ನಮ್ಮೆದುರಿಗೇ ಎಣಿಸಿ, ದಾಖಲೆ ಪುಸ್ತಕದಲ್ಲಿ ಬರೆದು, ಇಬ್ಬರ ಸಹಿ ಹಾಕಿಸಿಕೊಂಡು ಹಿಂದಕ್ಕೆ ಒಯ್ದರು. ಆಕ್ಸಿಜನ್ ಯಂತ್ರವನ್ನೂ ಗಾಳಿ ಹಾಸಿಗೆಯನ್ನೂ ಒಯ್ಯಲು ನಮಗೆ ಅನುಕೂಲವಾದ ದಿನವನ್ನೇ ಕೇಳಿದರು. ಮನೆಯವರನ್ನು ಮತ್ತೆ ಮಾತಾಡಿಸುತ್ತೇವೆ ಎಂದದ್ದು ಮಾತ್ರ ತಿಂಗಳುಗಳ ಮೇಲೆ ನಡೆಯಿತು, ಅದೂ ದೊಡ್ಡಮ್ಮನನ್ನು ಒಮ್ಮೆಯೂ ನೋಡಿರದ ಸಿಬ್ಬಂದಿಯೊಬ್ಬರಿಂದ. ಅಕ್ಕನನ್ನು ಕಳೆದುಕೊಂಡ ಆ ತಂಗಿಯ ಬಗ್ಗೆ ಅವರಿಗೆ ಯಾರೂ ತಿಳಿಸಿರಲಿಲ್ಲ.

ಅಂಚೆಯಲ್ಲಿ ಬಂದ ಅಭಿಪ್ರಾಯ ಪತ್ರದಲ್ಲಿ ಸಿಬ್ಬಂದಿಯ ನಡವಳಿಕೆ, ಸಮಯಪಾಲನೆ, ಸಲಕರಣೆಗಳ ಸ್ವಚ್ಛತೆ ಎಲ್ಲಕ್ಕೂ ಅಂಕಗಳ ಚೌಕಗಳಿದ್ದವು. ರಾತ್ರಿ ಕರೆ ಮಾಡಿದ ಹೊತ್ತಿಗೂ ರೋಗಿಗೆ ಉಪಶಮನ ಸಿಕ್ಕ ಹೊತ್ತಿಗೂ ನಡುವಿನ ಅಂತರವನ್ನು ಕೇಳುವ ಪ್ರಶ್ನೆ ಇರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಆ ಎರಡೂ ಸಮಯಗಳನ್ನು ಬರೆದು, ಪೆಟ್ಟಿಗೆ ಮನೆಗೆ ತಲುಪಿದ್ದನ್ನು ಶುಕ್ರವಾರ ಸಂಜೆಯ ಪಾಳಿಯವರು ಗುರುತಿಸುವ ಒಂದು ಚೌಕವನ್ನು ಪ್ರತಿಯೊಬ್ಬ ರೋಗಿಯ ಕಡತದಲ್ಲೂ ಸೇರಿಸಬೇಕೆಂದು ಕೇಳಿ ಕಳುಹಿಸಿದ್ದೇನೆ.