ಒಂದೇ ಕಡೆ ಬಿಡಾರವೋ, ಬೆನ್ನ ಮೇಲೆ ಬಿಡಾರವೋ: ದಂಪತಿಯ ಎರಡು ವಾರಾಂತ್ಯಗಳ ಹೋಲಿಕೆ

ಇಬ್ಬರು ಮಕ್ಕಳನ್ನು ಅಜ್ಜ-ಅಜ್ಜಿಯ ಬಳಿ ಬಿಟ್ಟು, ಶುಕ್ರವಾರ ಸಂಜೆ ಹೊರಟು ಭಾನುವಾರ ಸಂಜೆ ಹಿಂದಿರುಗುವ ಚಾರಣವನ್ನು ನಾನು ಮತ್ತು ನನ್ನ ಪತಿ ಆರು ವಾರಗಳ ಅಂತರದಲ್ಲಿ ಎರಡು ಬಾರಿ ಮಾಡಿದೆವು. ಮೊದಲ ಬಾರಿ ಕಾರು ಹೋಗುವ ಶಿಬಿರತಾಣವೊಂದರಲ್ಲಿ ಟೆಂಟ್ ಹಾಕಿ, ಎರಡು ರಾತ್ರಿಯೂ ಅಲ್ಲಿಯೇ ಮಲಗಿ, ಹಗಲು ಹಗುರವಾದ ಚೀಲ ಹಿಡಿದು ಬೆಟ್ಟ ಹತ್ತಿ ಇಳಿದೆವು. ಎರಡನೆಯ ಬಾರಿ ಟೆಂಟ್, ಹಾಸಿಗೆ, ಸ್ಟವ್, ಊಟದ ಸಾಮಾನು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆದು, ಎರಡು ರಾತ್ರಿಗಳನ್ನು ಎರಡು ಬೇರೆ ಜಾಗಗಳಲ್ಲಿ ಕಳೆದೆವು. ಬೆಟ್ಟಸಾಲು ಅದೇ, ಟೆಂಟ್ ಅದೇ, ಹವಾಮಾನವೂ ಹೆಚ್ಚು ಕಡಿಮೆ ಅದೇ ಆಗಿದ್ದುದರಿಂದ ಎರಡನ್ನೂ ನ್ಯಾಯವಾಗಿ ಹೋಲಿಸಬಹುದು ಎನಿಸುತ್ತದೆ. ನಾವು ಹೊರಟದ್ದು ಶಿಖರ ಮುಟ್ಟುವ ಹಂಬಲದಿಂದಲ್ಲ. ಕೆಲವು ವರ್ಷಗಳಿಂದ ನಮ್ಮ ಮಾತೆಲ್ಲ ಶಾಲೆ, ಜ್ವರ, ಯಾರು ಯಾರನ್ನು ಕರೆತರಬೇಕು ಎಂಬುದರಲ್ಲಿಯೇ ಮುಗಿದುಹೋಗುತ್ತಿತ್ತು. ಬೇರೆ ಮಾತಿಗೆ ಬಿಡುವು ಬೇಕಾಗಿತ್ತು. ಆದ್ದರಿಂದ ಎರಡೂ ಬಗೆಯನ್ನು ಅದೇ ಅಳತೆಗೋಲಿನಿಂದ ಅಳೆದಿದ್ದೇನೆ.

ಮೊದಲು ಭಾರದ ಮಾತು. ಮೊದಲ ವಾರಾಂತ್ಯದಲ್ಲಿ ಎರಡು ಲೀಟರ್ ನೀರು ಸೇರಿ ನಮ್ಮ ಒಂದೊಂದು ಚೀಲವೂ ಸುಮಾರು 5 ಕಿಲೋ ಇತ್ತು. ಎರಡನೆಯದರಲ್ಲಿ ನನ್ನ ಬೆನ್ನ ಮೇಲೆ 11 ಕಿಲೋ, ಅವರ ಬೆನ್ನ ಮೇಲೆ 14 ಕಿಲೋ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿಟ್ಟ ಲೆಕ್ಕವೊಂದು ಇಂದಿಗೂ ಚಾರಣಿಗರ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ 12 ಕಿಲೋಮೀಟರ್ ದೂರ, 600 ಮೀಟರ್ ಏರು ಇರುವ ದಾರಿಗೆ ಮೂರು ಗಂಟೆ ಇಪ್ಪತ್ತನಾಲ್ಕು ನಿಮಿಷ ಸಾಕು. ಹಗುರವಾಗಿ ನಡೆದಾಗ, ನಿಂತು ಕುಳಿತದ್ದೂ ಸೇರಿ, ನಮಗೆ ನಾಲ್ಕೂವರೆ ಗಂಟೆ ಹಿಡಿಯಿತು. ಹೊರೆ ಹೊತ್ತು ಅಷ್ಟೇ ದೂರ, ಅಷ್ಟೇ ಏರು ನಡೆದ ದಿನ ಆರೂವರೆ ಗಂಟೆ. ಆ ಎರಡು ಗಂಟೆಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮಾತು ನಿಂತುಹೋದದ್ದು. ಭಾರ ಹೊತ್ತು ಏರುವಾಗ ಉಸಿರು ಮಾತಿಗೆ ಒದಗುವುದಿಲ್ಲ, ಮುಂದೆ ನಡೆಯುವವರ ಹಿಮ್ಮಡಿಯನ್ನು ನೋಡುತ್ತಲೇ ಹೊತ್ತು ಕಳೆದುಹೋಗುತ್ತದೆ. ಹಗುರ ಚೀಲದ ದಿನ, ದಾರಿ ಅಗಲವಾಗಿದ್ದ ತಿರುವೊಂದರಲ್ಲಿ ನಾನು ಬಂಡೆಯ ಮೇಲೆ ಕುಳಿತು ಶೂ ದಾರ ಬಿಗಿದುಕೊಳ್ಳುತ್ತಿದ್ದಾಗ, ಕೆಲಸ ಬದಲಿಸುವ ಯೋಚನೆ ತಮಗೆ ಎಂಟು ತಿಂಗಳಿಂದ ಇದೆ ಎಂದು ಅವರು ಮೊದಲ ಬಾರಿ ಹೇಳಿದರು. ದಾರ ಕಟ್ಟಿ ಮುಗಿದ ಮೇಲೂ ಬಹಳ ಹೊತ್ತು ನಾವಿಬ್ಬರೂ ಅಲ್ಲಿಂದ ಏಳಲಿಲ್ಲ. ಹೊರೆಯ ದಿನ ಅಂಥ ಹೊತ್ತು ನಮಗೆ ಒದಗಲಿಲ್ಲ.

ರಾತ್ರಿಯ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಶಿಬಿರತಾಣದಲ್ಲಿ ನಡುರಾತ್ರಿಯವರೆಗೂ ಕಾರಿನ ಬಾಗಿಲುಗಳ ಸದ್ದು, ಟೆಂಟಿನ ಬಟ್ಟೆಯ ಮೇಲೆ ಹಾದುಹೋಗುವ ಹೆಡ್‌ಲೈಟ್ ಬೆಳಕು ತಪ್ಪಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಪಕ್ಕದ ಟೆಂಟಿನ ಮಗುವೊಂದು ಅತ್ತಿತು. ಅದು ನಮ್ಮ ಮಗುವಲ್ಲ ಎಂದು ಹೊಳೆಯುವಷ್ಟರಲ್ಲಿ ನಾನು ಅರ್ಧ ಎದ್ದು ಕುಳಿತು ಜಿಪ್ ತಡಕುತ್ತಿದ್ದೆ. ಆಮೇಲೆ ನಿದ್ರೆ ಹತ್ತಲಿಲ್ಲ. ಬೆಟ್ಟದ ಮೇಲಿನ ಬಿಡಾರದಲ್ಲಿ ಗಾಳಿಯ ಸದ್ದೊಂದೇ ಕೇಳುತ್ತಿತ್ತು, ಎರಡು ರಾತ್ರಿಯೂ ಎಂಟೆಂಟು ಗಂಟೆ ಮಲಗಿದೆವು. ಕತ್ತಲಾದ ಮೇಲೆ ಟೆಂಟಿನ ಹೊರಗೆ ಹೆಗಲಿಗೆ ಹೆಗಲು ತಾಗಿಸಿ ಕುಳಿತ ಹೊತ್ತಿನ ಬೆಲೆ, ಹಗಲಿನ ಮೌನವನ್ನು ಕಳೆದರೂ, ನನ್ನ ಲೆಕ್ಕದಲ್ಲಿ ದೊಡ್ಡದು.

ಚಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಳಿಯಲ್ಲಿ ನಡುಗುತ್ತ ಮಲಗಿದವರಿಗೆ ಮರುದಿನ ಸಲ್ಲಾಪಕ್ಕೆ ಮನಸ್ಸಿರುವುದಿಲ್ಲ. ಸರಾಸರಿಯಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಹಾಗೆಂದು ತಗ್ಗೇ ಬೆಚ್ಚಗಿರುತ್ತದೆ ಎಂದುಕೊಳ್ಳುವಂತಿಲ್ಲ; ಗಾಳಿಯಿಲ್ಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಹಾಗಾಗಿ ಎರಡನೆಯ ಬಾರಿ ತೊರೆಯಿಂದ ದೂರವಾಗಿ, ತಳಕ್ಕಿಂತ ತುಸು ಮೇಲಿನ ಸಮತಟ್ಟು ಜಾಗವನ್ನು ಆರಿಸಿದೆವು. ನೀರಿನ ಸೆಲೆ ಕೆಡದಂತೆ 60 ಮೀಟರಿಗೂ ಹೆಚ್ಚು ದೂರವಿರಬೇಕೆಂಬ ನಿಯಮವೂ ಅದರಿಂದ ಪಾಲಿಸಿದಂತಾಯಿತು. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ನಾನು ಒಂದು ತಪ್ಪು ಮಾಡಿದ್ದೆ. ಅವುಗಳ ಮೇಲೆ ಸಾಮಾನ್ಯವಾಗಿ ‘ಕಂಫರ್ಟ್’ ಮತ್ತು ‘ಲಿಮಿಟ್’ ಎಂಬ ಎರಡು ಅಂಕಿಗಳಿರುತ್ತವೆ. ಮೊದಲನೆಯದನ್ನು ಸಾಧಾರಣ ಮೈಕಟ್ಟಿನ ಹೆಂಗಸಿಗೂ ಎರಡನೆಯದನ್ನು ಗಂಡಸಿಗೂ ಲೆಕ್ಕಹಾಕಿರುತ್ತಾರೆ. ಲಿಮಿಟ್ ನೋಡಿ ಕೊಂಡ ನಾನು ಮೊದಲ ಪ್ರವಾಸದಲ್ಲಿ ಸ್ವೆಟರ್ ಹಾಕಿಕೊಂಡೇ ಮಲಗಬೇಕಾಯಿತು.

ಆಗ ಎರಡು ಬ್ಯಾಗುಗಳ ಜಿಪ್ಪನ್ನು ಕೂಡಿಸಿ ಒಂದು ಮಾಡಿಕೊಂಡಿದ್ದೆವು. ಮೈ ಬೆಚ್ಚಗಿದ್ದರೂ ಇಬ್ಬರ ಕತ್ತುಗಳ ನಡುವಿನ ಸಂದಿನಿಂದ ಚಳಿ ಇಳಿಯುತ್ತಿತ್ತು. ಎರಡನೆಯ ಬಾರಿ ಇಬ್ಬರಿಗೂ ಸಾಲುವ ಒಂದೇ ರಜಾಯಿಯನ್ನು ಒಯ್ದೆವು. ಎರಡು ಬ್ಯಾಗುಗಳ ಬದಲು ಅದೊಂದನ್ನೇ ಹೊತ್ತದ್ದರಿಂದ ಸುಮಾರು ಒಂದು ಕಿಲೋ ಕಡಿಮೆಯಾಯಿತು, ನಿದ್ರೆಯೂ ಚೆನ್ನಾಗಿ ಬಂತು. ಆದರೆ ಕೆಳಗಿನ ಎರಡು ಮ್ಯಾಟುಗಳನ್ನು ಪಟ್ಟಿಯಿಂದ ಬಿಗಿದು ಕಟ್ಟಲೇಬೇಕು, ಇಲ್ಲದಿದ್ದರೆ ನಡುರಾತ್ರಿಗೆ ಅವು ಬೇರೆಯಾಗಿ ಒಬ್ಬರ ಸೊಂಟ ತಣ್ಣನೆಯ ನೆಲಕ್ಕೆ ತಾಗುತ್ತದೆ. ದಂಪತಿಗೆ ರಜಾಯಿಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಟೆಂಟ್ ಹಾಕುವುದಕ್ಕೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಬಿಚ್ಚಿ ಕಟ್ಟುವ ಕೆಲಸವೇ ಬೇಸರ ತರಿಸುವುದು. ಇಬ್ಬರ ಉಸಿರಿನ ತೇವ ಟೆಂಟಿನ ಒಳಮೈಯಲ್ಲಿ ಹನಿಗಟ್ಟಿ, ಹೊರಗೆ ಇಬ್ಬನಿ ಕೂತು, ಒರೆಸಿ ಮಡಿಸಿ ಹೊರಡುವಷ್ಟರಲ್ಲಿ ಬೆಳಗಿನ ಒಂದೂಕಾಲು ಗಂಟೆ ಹೋಗುತ್ತಿತ್ತು. ಹೊತ್ತು ತಿರುಗುವ ಬಗೆಯಲ್ಲಿ ಇದು ಎರಡು ಬೆಳಿಗ್ಗೆಯ ಪಾಡು. ಅಡುಗೆಯಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬರಿಯ ಬ್ಯೂಟೇನ್ ಇರುವ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸೋತುಹೋಗುತ್ತದೆ, ಐಸೊಬ್ಯೂಟೇನ್ ಬೆರೆತದ್ದನ್ನು ಒಯ್ಯಬೇಕು.

ತಂದೆತಾಯಿಯರಾಗಿ ನಾವು ಹೆಚ್ಚು ಚರ್ಚಿಸಿದ್ದು ಮನೆಯ ಸಂಪರ್ಕದ ಬಗ್ಗೆ. ಶಿಬಿರತಾಣದಲ್ಲಿ ಫೋನ್ ಸಿಗ್ನಲ್ ಇತ್ತು. ಇದ್ದುದರಿಂದಲೇ ಎರಡು ಸಂಜೆಯೂ ಮುಕ್ಕಾಲು ಗಂಟೆ ಮಕ್ಕಳ ಜಗಳದ ಪಂಚಾಯಿತಿಗೆ ಹೋಯಿತು. ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲ, ಗೆಳತಿಯಿಂದ ಎರವಲು ತಂದ ಉಪಗ್ರಹ ಸಂದೇಶ ಸಾಧನದಲ್ಲಿ ರಾತ್ರಿ ಎಂಟಕ್ಕೆ ‘ಊಟ ಆಯಿತು, ಮಲಗಿದರು’ ಎಂಬ ಒಂದು ಸಾಲು ಬರುತ್ತಿತ್ತು. ಆ ಒಂದು ಸಾಲಿನಲ್ಲಿ ನನಗೆ ಸಿಕ್ಕ ನೆಮ್ಮದಿ ದೀರ್ಘ ಕರೆಗಳಲ್ಲಿ ಸಿಕ್ಕಿರಲಿಲ್ಲ. ಆದರೂ ಮೇಲಿನ ಬಿಡಾರದಿಂದ ಕಾರಿಗೆ ನಾಲ್ಕು ಗಂಟೆಯ ನಡಿಗೆ ಎಂಬುದನ್ನು ಮರೆಯುವಂತಿಲ್ಲ. ಮಗುವಿಗೆ ನೆಗಡಿ ಶುರುವಾಗಿದ್ದರೂ ಸರಿ, ಆ ವಾರ ಕಾರಿನ ಪಕ್ಕದ ಬಿಡಾರವನ್ನೇ ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾನುವಾರದ ಸಂಜೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಬಾರಿ ನಾಲ್ಕು ಗಂಟೆಗೆ ಮನೆ ಸೇರಿದೆವು, ಓಡಿಬಂದ ಚಿಕ್ಕವಳನ್ನು ಎತ್ತಿಕೊಳ್ಳುವ ಕಸುವು ಇಬ್ಬರಲ್ಲೂ ಇತ್ತು. ಎರಡನೆಯ ಬಾರಿ 14 ಕಿಲೋ ಹೊತ್ತು ಇಳಿದ ಅವರ ಮೊಣಕಾಲು ಎರಡು ದಿನ ನೋಯಿತು. ಕೋಲುಗಳಿದ್ದರೂ ಇಳಿಜಾರು ತನ್ನ ಪಾಲನ್ನು ವಸೂಲು ಮಾಡಿತು.

ಎರಡೇ ರಾತ್ರಿಗಳ ಬಿಡುವಿದ್ದರೆ ಒಂದೇ ಕಡೆ ಬಿಡಾರ ಹೂಡುವುದೇ ಮೇಲು ಎಂದು ನಾನು ಹೇಳುತ್ತೇನೆ. ಮೂರು ರಾತ್ರಿ ಸಿಕ್ಕವರು ಹೊತ್ತು ನಡೆಯಲಿ. ಆದರೆ ಆ ಒಂದು ಕಡೆ ಕಾರಿನ ಮಗ್ಗುಲಲ್ಲಿಯೇ ಇರಬೇಕೆಂದೇನೂ ಇಲ್ಲ. ಮುಂದಿನ ಸಲಕ್ಕೆ ಕಾರು ನಿಲ್ಲುವ ಜಾಗದಿಂದ ಒಂದು ಗಂಟೆ ನಡೆದರೆ ಸಿಗುವ, ಸಿಗ್ನಲ್ ಇಲ್ಲದ ತಾಣವೊಂದನ್ನು ನೋಡಿಟ್ಟಿದ್ದೇವೆ. ಹೊರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮಾತ್ರ. ಶನಿವಾರವಿಡೀ ಹಗುರ ಚೀಲ. ಕತ್ತಲಾಗುವ ಮೊದಲೇ ಟೆಂಟ್ ಹಾಕಲೆಂದು ಅವರು ಶುಕ್ರವಾರ ಮಧ್ಯಾಹ್ನದಿಂದಲೇ ರಜೆ ಬರೆದಿದ್ದಾರೆ, ರಜಾಯಿ ಮತ್ತು ಮ್ಯಾಟಿನ ಪಟ್ಟಿಗಳನ್ನು ನಾನು ಈಗಾಗಲೇ ಚೀಲಕ್ಕೆ ಹಾಕಿದ್ದೇನೆ.