ಲೈನ್ ಮನೆಗೆ ತಂದ ಕೀಟನಾಶಕ ಲೇಪಿತ ಸೊಳ್ಳೆ ಪರದೆ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಆಳುಗಳು ಇರುವ ಸಾಲು ಮನೆಗಳಿಗೆ ಇಲ್ಲಿ ಲೈನ್ ಮನೆ ಎನ್ನುತ್ತೇವೆ. ಕೊಯ್ಲಿಗೆಂದು ಒಡಿಶಾ, ಜಾರ್ಖಂಡ್‌ನಿಂದ ಬಂದ ಆಳುಗಳಲ್ಲಿ ಈ ಸಲ ಗರ್ಭಿಣಿಯರೂ ಇದ್ದರು. ಅವರಿಗಾಗಿ ಚಿಕ್ಕಮಗಳೂರಿನ ಅಂಗಡಿಯೊಂದರಿಂದ ಈ ಪರದೆಗಳನ್ನು ತಂದೆವು.

ಸಾದಾ ಪರದೆಗಿಂತ ಬೆಲೆ ಹೆಚ್ಚು. ‘ಮಲೇರಿಯಾಕ್ಕೆ ಮಾತ್ರೆ ಇಲ್ಲವೇ?’ ಎಂದು ಸಾಹುಕಾರರು ಕೇಳಿದರು. ಇದೆ, ಆದರೆ ಬಸುರಿಗೆ ಎಲ್ಲವನ್ನೂ ಕೊಡುವಂತಿಲ್ಲ. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ಮತ್ತೆ ಜ್ವರ ತರಬಲ್ಲದು. ಅದನ್ನು ಅಲ್ಲಿಂದ ಕೀಳುವ ಪ್ರೈಮಾಕ್ವಿನ್ ಗರ್ಭಿಣಿಯರಿಗೆ ನಿಷಿದ್ಧ. ಇನ್ನೊಂದು ಬಗೆಯಾದ ಫಾಲ್ಸಿಪಾರಂ ಇನ್ನೂ ಕೆಟ್ಟದ್ದು: ಹೊಟ್ಟೆಯಲ್ಲಿ ಮಗುವನ್ನು ಪೋಷಿಸುವ ಮಾಸಿನಲ್ಲೇ (ಪ್ಲಸೆಂಟಾ) ಬೀಡುಬಿಟ್ಟು ತಾಯಿಗೆ ರಕ್ತಹೀನತೆ ತರುತ್ತದೆ, ಮಗುವಿನ ತೂಕ ಇಳಿಸುತ್ತದೆ. ಅದು ಮಲೇರಿಯಾದ ಹಳೆಯ ಮಾತ್ರೆ ಕ್ಲೋರೋಕ್ವಿನ್‌ಗೆ ಬಗ್ಗುವುದಿಲ್ಲವೆಂದು ನಮ್ಮ ದೇಶದಲ್ಲಿ ಮೊದಲು ಗೊತ್ತಾದದ್ದು 1973ರಲ್ಲಿ, ಅಸ್ಸಾಮಿನಲ್ಲಿ.

ಮಲೇರಿಯಾ ಹೆಚ್ಚಿರುವ ಆಫ್ರಿಕಾದ ದೇಶಗಳಲ್ಲಿ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ, ಕನಿಷ್ಠ ಒಂದೊಂದು ತಿಂಗಳ ಅಂತರದಲ್ಲಿ, ಸಲ್ಫಾಡಾಕ್ಸಿನ್–ಪೈರಿಮೆಥಮಿನ್ ಮಾತ್ರೆಯನ್ನು ಮೂರು ಸಲವಾದರೂ ಕೊಡುತ್ತಾರೆ. ಪೂರ್ವ ಆಫ್ರಿಕಾದ ಹಲವೆಡೆ ರೋಗಾಣುವಿನ ವಂಶವಾಹಿಯೇ ಬದಲಾಗಿ ಆ ಮಾತ್ರೆಯ ತಡೆಯುವ ಶಕ್ತಿ ಕುಗ್ಗಿದೆ. ಆದರೂ ಮಗುವಿನ ತೂಕಕ್ಕೆ ಒಳ್ಳೆಯದೆಂದು ಕೊಡುವುದನ್ನು ನಿಲ್ಲಿಸಿಲ್ಲ. ನಮ್ಮಲ್ಲಿ ಹಾಗೆ ಮುಂಚಿತವಾಗಿ ಮಾತ್ರೆ ಕೊಡುವ ಪದ್ಧತಿ ಇಲ್ಲ. ಕಚ್ಚಿಸಿಕೊಳ್ಳದಿರುವುದು, ಜ್ವರ ಬಂದರೆ ರಕ್ತ ಪರೀಕ್ಷೆ, ಇಷ್ಟೇ ದಾರಿ. ಇದನ್ನೆಲ್ಲ ಹೇಳಿದ ಮೇಲೆ ಸಾಹುಕಾರರು ಚೀಟಿಗೆ ಸಹಿ ಹಾಕಿದರು.

ಪರದೆಯ ಬಲೆ ಗಟ್ಟಿಯಾಗಿದೆ, ಹೊಲಿಗೆ ಬಿಟ್ಟಿಲ್ಲ. ಹೊಸದರಲ್ಲಿ ಮುಖ ಸ್ವಲ್ಪ ಉರಿಯುತ್ತದೆ ಎಂದರು. ಒಂದು ದಿನ ನೆರಳಲ್ಲಿ ಹರಡಿದ ಮೇಲೆ ಬಳಸಿದವರಿಗೆ ಆ ತೊಂದರೆ ಆಗಲಿಲ್ಲ. ನನ್ನ ಆಕ್ಷೇಪ ಅಳತೆಯ ಬಗ್ಗೆ. ಒಂದೂವರೆ ಮೀಟರ್ ಎತ್ತರದ ಪರದೆಯನ್ನು ಲೈನ್ ಮನೆಯ ತೊಲೆಗೆ ಕಟ್ಟಬೇಕಾದರೆ ಉದ್ದದ ಹಗ್ಗ ಬೇಕು, ಪೊಟ್ಟಣದಲ್ಲಿರುವುದು ಗೇಣುದ್ದ. ಚಾಪೆಯ ಮೇಲೆ ಮಲಗುವವರು ಅಂಚನ್ನು ಚಾಪೆಯಡಿ ಸಿಕ್ಕಿಸಲೇಬೇಕು, ಗಂಡ ಹೆಂಡತಿ ಮಗು ಮಲಗಿದರೆ ಅಂಚು ಸಾಲುವುದಿಲ್ಲ.

ಒಗೆಯುವ ಸೂಚನೆ ಕನ್ನಡದಲ್ಲೂ ಇಲ್ಲ, ಒಡಿಯಾದಲ್ಲೂ ಇಲ್ಲ. ಇದು ದೊಡ್ಡ ಕೊರತೆ. ಬಟ್ಟೆಯಂತೆ ಕಲ್ಲಿಗೆ ಬಡಿದು, ಬಿಸಿಲಿಗೆ ಹಾಕಿದರೆ ಔಷಧ ಹೋಗಿ ಬರೀ ಬಲೆ ಉಳಿಯುತ್ತದೆ. ಸಾದಾ ಸೋಪಿನಲ್ಲಿ ಮೆಲ್ಲಗೆ ಹಿಂಡಿ ನೆರಳಿನಲ್ಲಿ ಒಣಗಿಸಬೇಕು. ಹಳ್ಳದಲ್ಲಂತೂ ಒಗೆಯಲೇಬಾರದು, ಆ ಔಷಧ ಮೀನಿಗೆ ವಿಷ.

ಅಂಗಡಿಯವರು ಮೊದಲು ಸಾದಾ ಪರದೆಯನ್ನೇ ‘ಎಲ್ಲ ಒಂದೇ ಸಾರ್’ ಎಂದು ಮುಂದಿಟ್ಟರು. ಒಂದೇ ಅಲ್ಲ. ಪೊಟ್ಟಣದ ಮೇಲೆ ಕೀಟನಾಶಕದ ಹೆಸರಿದೆಯೇ ಎಂದು ಓದಿಯೇ ಹಣ ಕೊಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮುಂದಿನ ಕೊಯ್ಲಿಗೆ ಉಳಿದ ಲೈನುಗಳಿಗೂ ಇದನ್ನೇ ತರಿಸಲು ಪಟ್ಟಿ ಕೊಟ್ಟಿದ್ದೇನೆ, ದೊಡ್ಡ ಅಳತೆಯದ್ದನ್ನು.